ವಲ್ಲಿಯ ಕೆಳಗೆ ನಡುಗಿದ ಫೋನು

ಗದುಗಿನ ಬಜಾರದಲ್ಲಿ ಅಂಗಡಿ ಇಟ್ಟುಕೊಂಡು ಕುಳಿತವನಿಗೆ ನಗುವ ಪ್ರಸಂಗಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತವೆ. ಬರದಿರುವುದು ಗಿರಾಕಿ ಮಾತ್ರ. ಜಿಲ್ಲೆ ಹೊಸದಾಗಿ ಆದ ಕಾಲಕ್ಕೆ ನನ್ನದು ಗಡಿಯಾರದ ಅಂಗಡಿ. ಜನ ಗಡಿಯಾರ ಕಟ್ಟುವುದನ್ನು ಬಿಟ್ಟರು, ನಾನು ಮೊಬೈಲಿಗೆ ತಿರುಗಿದೆ. ಈಗ ಮೊಬೈಲನ್ನೂ ಮನೆ ಬಾಗಿಲಿಗೇ ತರಿಸಿಕೊಳ್ಳುತ್ತಾರೆ. ನನ್ನ ಹತ್ತಿರ ಬರುವುದು ಕವರು ಹಾಕಿಸಲಿಕ್ಕೆ, ಇಲ್ಲವೇ ಬೇರೆಲ್ಲೋ ಕೊಂಡ ಫೋನಿನ ತಕರಾರು ಹೇಳಲಿಕ್ಕೆ.

ಇಲ್ಲಿ ಬರೆದದ್ದೆಲ್ಲ ಒಂದೇ ದಸರೆಯಿಂದ ಯುಗಾದಿಯೊಳಗೆ ನಡೆದದ್ದು. ಎಲ್ಲಕ್ಕೂ ಮೂಲ ನನ್ನ ಅಣ್ಣನ ಮಗಳು. ಆಕೆ ಹುಬ್ಬಳ್ಳಿಯಲ್ಲಿ ಫೋನಿನ ಆಟ ತಯಾರಿಸುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಚಿತ್ರ ಬರೆಯುವವರು ಬೇರೆ, ಸಂಗೀತ ಹಚ್ಚುವವರು ಬೇರೆ. ಇವಳ ಪಾಲಿಗೆ ಬಂದದ್ದು ವೈಬ್ರೇಶನ್. ಬಟನ್ ಒತ್ತಿದರೆ ಫೋನು ಎಷ್ಟು ನಡುಗಬೇಕು, ಗಾಡಿ ಡಿಕ್ಕಿ ಹೊಡೆದರೆ ಎಷ್ಟು, ಆಟ ಸೋತರೆ ಎಷ್ಟು, ಇದನ್ನು ಗೊತ್ತು ಮಾಡುವುದು. ಹೆಣ್ಣು ಕೇಳಲು ಬಂದವರು ನನ್ನನ್ನು ಬದಿಗೆ ಕರೆದು ವಿಚಾರಿಸಿದ್ದರು.

"ಹುಡುಗಿ ಏನ ಕೆಲಸ ಮಾಡ್ತಾಳ್ರಿ?"

"ಫೋನಿಗೆ ನಡುಕ ಹಚ್ಚತಾಳ್ರಿ."

"ಅದೂ ಒಂದ ಕೆಲಸ ಏನ್ರಿ?"

"ಪಗಾರ ಕೊಡ್ತಾರ್ರಿ."

"ಹಂಗಾರ ಕೆಲಸಾನ ಬಿಡ್ರಿ."

ಇನ್ನು ಅಣ್ಣ. ಅವನು ಎತ್ತಿನ ದಲಾಲ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಶಲ್ಯವನ್ನು, ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಹೇಳುವುದು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು, ಬೆರಳಿನ ಗೆಣ್ಣಿನಲ್ಲಿ ಹಿಡಿದರೆ ಅರ್ಧ. ಅದು ನೂರೋ ಸಾವಿರವೋ ಎಂಬುದು ಎತ್ತಿನ ಮುಖ ನೋಡಿದವರಿಗೆ ಗೊತ್ತಿರುತ್ತದೆ. ನಾನೂ ಹರೆಯದಲ್ಲಿ ನಾಲ್ಕು ವರ್ಷ ಅವನ ಕೈಕೆಳಗೆ ಆ ವ್ಯಾಪಾರ ಮಾಡಿ, ಅವನನ್ನು ಸೋಲಿಸುವುದು ನನ್ನಿಂದಾಗದೆಂದು ಗೊತ್ತಾದ ಮೇಲೆ ಗಡಿಯಾರಕ್ಕೆ ಬಂದವನು.

ಆ ದಸರೆಗೆ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಎಡಗೈಯಲ್ಲಿ ಶಕ್ತಿ ಇತ್ತು, ಆದರೆ ಚಮಚ ಕೊಟ್ಟರೂ ಹಿಡಿಯುತ್ತಿರಲಿಲ್ಲ. ಕಣ್ಣು ತೊಲೆಯ ಮೇಲೆ. "ತಿಳುವಳಿಕೆ ಎಷ್ಟ ಉಳದೈತಿ ಅಂತ ಹೇಳಾಕ ಬರೂದಿಲ್ಲ," ಎಂದರು ಡಾಕ್ಟರು. ಡಾಕ್ಟರು ಹೀಗೆಂದರೆ ಏನರ್ಥ ಎಂದು ವ್ಯಾಪಾರಿಗೆ ತಿಳಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಮನೆಗೆ ಬಂದವರೆಲ್ಲ ಅವನ ಮುಂದೆಯೇ ಅವನ ಸುದ್ದಿ ಆಡತೊಡಗಿದರು. ಅವನ ಹಿತ್ತಾಳಿ ಹಿಡಿಕೆಯ ಬಡಿಗೆ ಯಾರಿಗೆ ಎಂಬ ಮಾತೂ ಬಂತು. ಆ ಮಾತು ತೆಗೆದವನು ನಾನೇ.

ಮಗಳು ಮಾತ್ರ ಒಪ್ಪಲಿಲ್ಲ. ಯುಗಾದಿಯ ತನಕ ರಜೆ ಹಾಕಿ ಬೆಟಗೇರಿಯ ಮನೆಗೆ ಬಂದಳು. "ಕಾಕಾ, ಅಪ್ಪಾ ಒಳಗ ಅದಾನ. ಬಾಯಿಲೆ ಕರದ್ರ ಬರವಲ್ಲ. ಬೆರಳಲೆ ಕರೀತೀನಿ," ಎಂದಳು. ವಲ್ಲಿಯ ಕೆಳಗಿನ ವ್ಯಾಪಾರವನ್ನೇ ಫೋನಿನ ಆಟ ಮಾಡುವುದು. ಎತ್ತು ಮಾರುವವನು ಅಪ್ಪ, ಕೊಳ್ಳುವ ಗಿರಾಕಿ ಫೋನು. ಫೋನು ಎರಡು ಸಲ ನಡುಗಿದರೆ ಎರಡು ಸಾವಿರ ಎಂದಂತೆ, ಗಾಜಿನ ಮೇಲೆ ಮೂರು ಬೆರಳು ಎತ್ತಿ ಒತ್ತಿದರೆ ಮೂರು ಕೊಡು ಎಂದಂತೆ. ಒಂದೇ ಒಂದು ಸಲ ಅಪ್ಪ ಬೆರಳು ಎತ್ತಿ ಒತ್ತಿದರೂ ಸಾಕು, ಅವನು ಇದ್ದಾನೆ ಎಂದು ಗೊತ್ತಾದಂತೆ. ಒತ್ತದಿದ್ದರೆ ಯುಗಾದಿಯ ನಂತರ ಆಕೆ ಹುಬ್ಬಳ್ಳಿಗೆ, ಅವನು ಹಾಗೇ ತೊಲೆ ನೋಡುತ್ತ.

"ಹುಬ್ಬಳ್ಳಿ ಆಫೀಸಿನ ತುಟ್ಟಿ ಫೋನಿನ್ಯಾಗ ಚೆಂದ ನಡಗತೈತಿ ಕಾಕಾ, ಸಸ್ತಾ ಫೋನಿನ್ಯಾಗ ಎಲ್ಲಾ ಒಂದ ನಮೂನಿ ಗುರ್ ಅಂತೈತಿ," ಎಂದಳು. ನಾನು ಶೋಕೇಸಿನಿಂದ ಮಾರಾಟವಾಗದೆ ಉಳಿದಿದ್ದ, ಹಳೆಯ ಮಾದರಿಯ ಒಂದು ಮಧ್ಯಮ ದರದ ಫೋನು ತೆಗೆದುಕೊಟ್ಟೆ. ಬಳಸಲಿಕ್ಕೆ ಮಾತ್ರ. ಯುಗಾದಿಗೆ ಡಬ್ಬಿ ಸಹಿತ ವಾಪಸು.

ಕರೆಂಟು

ಆಕೆ ಅಂಗಡಿಯಲ್ಲಿ ಕುಳಿತಿದ್ದ ದಿನವೇ ಹೊಂಬಳದ ಒಬ್ಬ ರೈತ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಟವೆಲ್ಲು, ಟವೆಲ್ಲಿನೊಳಗೆ ಫೋನು. ಕೌಂಟರಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಚಪ್ಪಲಿ ಹೊರಗ ಬಿಡ್ರಿ."

"ಇಲ್ರಿ, ರಬ್ಬರಿನ್ವು ಅದಾವು, ಕಾಲಾಗ ಇರಲಿ. ಈ ಫೋನ್ ಶಾಕ್ ಹೊಡೀತೈತ್ರಿ."

"ಫೋನ್ ಹೆಂಗ ಶಾಕ್ ಹೊಡೀತೈತ್ರಿ?"

"ಇಪ್ಪತ್ತ ವರ್ಷ ಪಂಪಸೆಟ್ಟಿನ ಸ್ಟಾರ್ಟರ್ ಮುಟ್ಟೇನಿ, ನನಗ ಕರೆಂಟ್ ಗೊತ್ತಿಲ್ಲೇನ್ರಿ? ಒಂದೊಂದ ಅಕ್ಷರ ಒತ್ತಿದ್ರ ಒಂದೊಂದ ಸಲ ಚುರ್ ಅಂತೈತಿ."

ಪಂಪಿನವರ ರೂಢಿಯಂತೆ ಅಂಗೈಯ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ತೋರಿಸಿದ. ಫೋನು ಟಿರ್ ಎಂದಿತು. ಅವನು ಕೈ ಕಿತ್ತುಕೊಂಡ. ಕೀಲಿಮಣೆಯ ವೈಬ್ರೇಶನ್ ಚಾಲೂ ಇತ್ತು, ಅಷ್ಟೇ. ಅದು ಕರೆಂಟಲ್ಲ ಎಂದು ನಾನು ಎಷ್ಟು ಹೇಳಿದರೂ ಅವನ ಹತ್ತಿರ ಪುರಾವೆ ಇತ್ತು.

"ಮನ್ಯಾಗ ಪರೀಕ್ಷಾ ಮಾಡೇನ್ರಿ. ಒಣಾ ಜ್ವಾಳದ ದಂಟಿಲೆ ಮುಟ್ಟಿದ್ರ ಏನೂ ಅನ್ನೂದಿಲ್ಲ. ಬರೇ ಕೈಲೆ ಮುಟ್ಟಿದ್ರ ಅಷ್ಟ ಹೊಡೀತೈತಿ. ಕರೆಂಟ್ ಅಲ್ಲದ ಮತ್ತೇನ್ರಿ?"

ಎಂಟು ದಿನದಿಂದ ಹೆಂಡತಿ ಮಕ್ಕಳಿಗೂ ಅದನ್ನು ಮುಟ್ಟಗೊಡದೆ ಕಟ್ಟಿಗೆಯ ಮಣೆಯ ಮೇಲೆ ಇಟ್ಟಿದ್ದನಂತೆ. ನಾನು ವೈಬ್ರೇಶನ್ ಬಂದ್ ಮಾಡಿಕೊಟ್ಟೆ. ಅವನು ಮೂರು ಸಲ ಹಿಂಗೈಯಿಂದ ಮುಟ್ಟಿ ನೋಡಿ, ನಾಲ್ಕನೆಯ ಸಲ ಧೈರ್ಯ ಮಾಡಿ ಅಂಗೈಯಿಂದ ಹಿಡಿದು, ಸಮಾಧಾನದಿಂದ ಹೋದ.

ಮೂರನೆಯ ದಿನಕ್ಕೆ ಮತ್ತೆ ಬಂದ. ಮುಖ ಸಪ್ಪಗಿತ್ತು.

"ಈಗ ಪೂರಾ ಜೀವ ಹೋಗೇತ್ರಿ. ಮುಟ್ಟಿದ್ರ ಹೂಂ ಅನ್ನೂದಿಲ್ಲ, ಹಾಂ ಅನ್ನೂದಿಲ್ಲ. ಸ್ವಲ್ಪರೆ ಕರೆಂಟ್ ಬಿಡ್ರಿ."

ಮಗ್ಗ

ಅಣ್ಣನ ಆಟಕ್ಕೆ ಕೈ ಪಳಗಲೆಂದು ಆಕೆ ಮೊದಲು ಪಕ್ಕದ ಮನೆಯ ನೇಕಾರ ಅವ್ವನಿಗೆ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟಳು. ಸೀರೆಯ ಅಂಚಿನಲ್ಲಿ ಇಂತಿಷ್ಟು ಎಳೆಗೆ ಬಣ್ಣದ ಲಾಳಿ ಬದಲಿಸಬೇಕು. ಆ ಅವ್ವನಿಗೆ ಲೆಕ್ಕ ತಪ್ಪುತ್ತಿತ್ತು. ಮಗ್ಗದ ಮೇಲೆ ಫೋನು ಇಟ್ಟರೆ ಹಲಗೆಯ ಪ್ರತಿ ಪೆಟ್ಟನ್ನೂ ಅದು ಎಣಿಸುತ್ತದೆ, ಲೆಕ್ಕ ತುಂಬಿದ ಕೂಡಲೇ ನಡುಗುತ್ತದೆ. ನೇಯುತ್ತಿರುವಾಗ ಕಿವಿಗೆ ಗಂಟೆ ಕೇಳಿಸುವುದಿಲ್ಲ, ಅದಕ್ಕೆ ನಡುಕ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಅದು ನಡುಗಿದ್ದು ಅವ್ವನಿಗೆ ಗೊತ್ತಾಗಲೇ ಇಲ್ಲ. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ಹೆಂಗಸು, ಮಗ್ಗ ಅಲುಗುವುದೂ ಆಕೆಯ ಎದೆ ಬಡಿಯುವುದೂ ಒಂದೇ ಆಗಿ ಹೋಗಿದೆ. "ನಿನ್ನ ಫೋನ್ ಅಲಗಿದ್ದು ಯಾವದು, ನನ್ನ ಮಗ್ಗ ಅಲಗಿದ್ದು ಯಾವದು, ಹೆಂಗ ಆರಸಲವಾ ತಂಗಿ?" ಎಂದಳು. ಮಗಳು ನಡುಕವನ್ನು ಜೋರು ಮಾಡಿದಳು. ಮತ್ತೂ ಜೋರು ಮಾಡಿದಳು.

ಆ ಮಧ್ಯಾಹ್ನ ಅವ್ವ ಉಣ್ಣಲು ಎದ್ದು ಹೋದಳು. ಫೋನು ಮಗ್ಗದ ಮೇಲೆಯೇ ಉಳಿಯಿತು. ಆಕೆಯ ಕೊನೆಯ ಪೆಟ್ಟಿಗೆ ಲೆಕ್ಕ ತುಂಬಿ ಒಮ್ಮೆ ಜೋರಾಗಿ ನಡುಗಿತು. ತನ್ನ ನಡುಕದ ಒಂದೊಂದು ಅಲುಗಾಟವನ್ನೂ ಮಗ್ಗದ ಪೆಟ್ಟೆಂದು ಎಣಿಸಿತು. ಲೆಕ್ಕ ಮತ್ತೆ ತುಂಬಿತು, ಮತ್ತೆ ನಡುಗಿತು. ಉಂಡು ಬರುವಷ್ಟರಲ್ಲಿ ಫೋನು ಮೂರು ಸೀರೆ ನೇಯ್ದು ನಾಲ್ಕನೆಯದರ ಸೆರಗಿಗೆ ಕೈ ಹಾಕಿತ್ತು.

ಮಗಳು ತಲೆ ಚಚ್ಚಿಕೊಂಡಳು. ಅವ್ವ ಬಾಗಿಲಲ್ಲೇ ನಿಂತು ಬೀದಿಯ ಎರಡೂ ಕಡೆ ನೋಡಿದಳು. ಒಂದು ಕಾಲಕ್ಕೆ ಆ ಓಣಿಯಲ್ಲಿ ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಈಗ ನಾಯಿ ಮೈ ಕೆರೆದುಕೊಂಡರೂ ಕೇಳುತ್ತದೆ.

"ಇರಲಿ ಬಿಡವಾ, ಬಂದ ಮಾಡಬ್ಯಾಡ," ಎಂದಳು. "ಈ ಓಣ್ಯಾಗ ಪುರಸತ್ತಿಲ್ಲದ ನಡೆಯೋ ಮಗ್ಗ ಈಗ ಇದೊಂದ ನೋಡು."

ಬಸ್ಸು

ಶಿರಹಟ್ಟಿಯ ಕಡೆ ಲಕ್ವಾಕ್ಕೆ ಎಣ್ಣೆ ಕೊಡುವವರಿದ್ದಾರೆಂದು ಯಾರೋ ಹೇಳಿದರು. ನನಗೆ ನಂಬಿಕೆ ಇರಲಿಲ್ಲ, ಆದರೂ ಹೋದೆವು. ಬಸ್ಸಿನಲ್ಲಿಯೂ ಮಗಳಿಗೆ ಅದೇ ಧ್ಯಾನ. ಸಣ್ಣಗಿನ ನಡುಕ ವಯಸ್ಸಾದ ಕೈಗೆ ತಿಳಿಯುತ್ತದೋ ಇಲ್ಲವೋ ನೋಡಬೇಕು. ಪಕ್ಕದ ಸೀಟಿನ ಮುದುಕನ ಕೈಗೆ ಫೋನು ಕೊಟ್ಟಳು.

"ಅಜ್ಜಾರ, ನಡುಗಿದ ಕೂಡಲೆ ಹೇಳ್ರಿ."

"ನಡಗಾಕತ್ತೈತಿ."

"ಇನ್ನೂ ನಾ ಏನೂ ಒತ್ತಿಲ್ರಿ."

"ನೀ ಒತ್ತು ಬಿಡು, ಅದಂತೂ ನಡಗಾಕತ್ತೈತಿ."

ಕಿಟಕಿಯ ಸರಳು, ಸೀಟು, ಮುದುಕನ ಗಲ್ಲ, ನನ್ನ ಹೊಟ್ಟೆ ಎಲ್ಲವೂ ನಡುಗುತ್ತಿದ್ದವು. ನಿಲ್ದಾಣದಲ್ಲಿ ಡ್ರೈವರು ಇಂಜಿನ್ ಬಂದ್ ಮಾಡಿದ. ಮಗಳು ಗಡಿಬಿಡಿಯಿಂದ ಬಟನ್ ಒತ್ತಿದಳು. ಮುದುಕ ಫೋನನ್ನು ವಾಪಸು ಕೊಟ್ಟ. "ಈಗ ನಿಂತತಿ ನೋಡವಾ. ರಿಪೇರಿ ಆತು."

ಇದನ್ನೆಲ್ಲ ನೋಡುತ್ತ ನಿಂತಿದ್ದ ಕಂಡಕ್ಟರ್ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ಅಕ್ಕಾರ, ಈ ನಡುಕ ಕಡಿಮಿ ಮಾಡೂ ಬಟನ್ ಎಲ್ಲಿರತೈತ್ರಿ? ನಮ್ಮ ಡ್ರೈವರಗ ತೋರಸ್ತೀನಿ."

ಮಗಳು ಎಣ್ಣೆ ಹಚ್ಚಿದಳು. ಅಣ್ಣನ ಮೈ ಮಿರಿಮಿರಿ ಹೊಳೆಯಿತು. ಬೇರೇನೂ ಆಗಲಿಲ್ಲ.

ಸಂತೆ

ಆಟದ ಮೊದಲ ನಮೂನೆ ಸಿದ್ಧವಾದಾಗ ಲಕ್ಷ್ಮೇಶ್ವರಕ್ಕೆ ಒಯ್ದೆವು. ಅಲ್ಲಿ ಅಣ್ಣನ ಹಳೆಯ ಜೋಡಿ, ಒಬ್ಬ ಸಾಹೇಬರು ಇದ್ದಾರೆ. ಇಬ್ಬರೂ ಕೂಡಿ ಎತ್ತು ಮಾರುತ್ತಿದ್ದಾಗ ಕೊಳ್ಳುವವನು ಮನೆಗೆ ಹೋದ ಮೇಲೆ ತನಗೇನಾಯಿತೆಂದು ಯೋಚಿಸುತ್ತಿದ್ದ. ಈಗ ದನದ ಸಂತೆಯೂ ಹೆಸರಿಗೆ ಮಾತ್ರ. ನಾಲ್ಕು ಜೋಡಿ ಎತ್ತು, ನಲವತ್ತು ನೋಡುವವರು, ಅವರೆಲ್ಲ ಟ್ರ್ಯಾಕ್ಟರಿನಿಂದ ಇಳಿದು ಬಂದವರು.

ಸಾಹೇಬರು ನನ್ನನ್ನು ನೋಡಿದೊಡನೆ ಕೇಳಿದರು: "ದೋಸ್ತ ಹೆಂಗದಾನ?"

"ಮುಗದ ಮಾಲು, ಸಾಹೇಬ್ರ."

"ಕೈ ಹಿಡದ ನೋಡಿದ್ಯೇನ?"

"ಡಾಕ್ಟರು ನೋಡ್ಯಾರ."

"ಡಾಕ್ಟರು ನೋಡಿದ್ದು ನಾಡಿ. ನಾ ಕೇಳಿದ್ದು ಕೈ."

ಮಗಳು ಫೋನು ಕೊಟ್ಟು ಆಟ ತಿಳಿಸಿದಳು. ಸಾಹೇಬರು ಕೂಡಲೇ ಹೆಗಲಿನ ವಲ್ಲಿ ತೆಗೆದು ಫೋನಿನ ಮೇಲೆ ಹೊದಿಸಿ, ಅದರ ಕೆಳಗೆ ಕೈ ತೂರಿಸಿ, ಆಕಾಶ ನೋಡುತ್ತ ಕುಳಿತರು.

"ಅಜ್ಜಾರ, ಸ್ಕ್ರೀನ್ ನೋಡ್ರಿ! ಎತ್ತಿನ ಚಿತ್ರ ಐತಿ, ಗಂಟಿ ಐತಿ, ಬಾಲ ಅಲ್ಲಾಡತೈತಿ. ಒಂದ ತಿಂಗಳ ಕುಂತ ಬರದೇನ್ರಿ."

"ಬಯಲಾಗ ವ್ಯಾಪಾರ ಮಾಡಿದ್ರ ಸುತ್ತಲಿನ ಮಂದಿ ಬೆಲಿ ನೋಡೂದಿಲ್ಲೇನವಾ?"

ತಿಂಗಳ ಕೆಲಸ ವಲ್ಲಿಯ ಕೆಳಗೆ ಬಾಲ ಅಲ್ಲಾಡಿಸುತ್ತ ಉಳಿಯಿತು. ಅರ್ಧ ತಾಸು ಆದ ಮೇಲೆ ಸಾಹೇಬರು ಕೈ ಹೊರಗೆ ತೆಗೆದರು. ಹಣೆಯ ಮೇಲೆ ಬೆವರು.

"ನಿನ್ನ ಫೋನಿನ್ಯಾಗಿನ ಗಿರಾಕಿ, ಇವನ ಕೈಯಾಗ ಅಂಜಿಕಿ ಇಲ್ಲ," ಎಂದರು. "ಮನಷ್ಯಾನ ಮಣಿಕಟ್ಟ ಹಿಡದ್ರ ಎದಿ ಬಡಿಯೂದು ಗೊತ್ತಾಗತೈತಿ. ಅದನ್ನ ಹಚ್ಚು. ಇನ್ನೊಂದು, ನಾ ಸುಮ್ಮನ ಕುಂತ್ರ ಇವನೂ ಸುಮ್ಮನ ಕುಂಡ್ರತಾನ. ಸುಮ್ಮನ ಕುಂತವ ಗೆಲ್ಲಬೇಕವಾ. ನಾ ಸುಮ್ಮನಾದ್ರ ಇವ ಬೆಲಿ ಏರಸಬೇಕು. ಮತ್ತ ಎಲ್ಲಾಕಿಂತ ದೊಡ್ಡದು, ಇವ ಎದ್ದ ಹೋಗೂದಿಲ್ಲ. ಎದ್ದ ಹೋಗಲಾರದವನ ಕೂಡ ಏನ ವ್ಯಾಪಾರ?"

"ಮದಲಿನ ಎರಡೂ ಹಚ್ಚತೀನ್ರಿ ಅಜ್ಜಾರ. ಫೋನ್ ಹೆಂಗ ಎದ್ದ ಹೋಗಬೇಕ್ರಿ?"

"ಅದು ನಿನ್ನ ತ್ರಾಸು."

ಆಕೆ ಬರೆದುಕೊಂಡು ಚಹಾ ತರಲು ಹೋದಳು. ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿದರು.

"ವ್ಯಾಪಾರ ಆತು. ಎತ್ತ ಕೊಟ್ಟಬಿಟ್ಟೆ."

"ಸಾಹೇಬ್ರ, ಅದು ಆಟದ ಎತ್ತು."

"ಗೊತ್ತೈತೋ. ಹುಡುಗಿಗೆ ಹೇಳಬ್ಯಾಡ. ಈ ವರ್ಷ ನಾ ಕೊಟ್ಟ ಮದಲನೇ ಎತ್ತ ಇದು."

ಎದೆಬಡಿತ

ಸಾಹೇಬರು ಹೇಳಿದ ಎರಡನ್ನೂ ಆಕೆ ಆಟಕ್ಕೆ ಹಚ್ಚಿದಳು. ಬೆರಳು ಎತ್ತದೆ ಸುಮ್ಮನಿದ್ದರೆ ಬೆಲೆ ತಾನಾಗಿ ಏರುತ್ತದೆ. ಬಹಳ ಹೊತ್ತು ಆಟವನ್ನು ಮುಟ್ಟದಿದ್ದರೆ ಫೋನು 'ಡುಬ್‌ಡುಬ್, ಡುಬ್‌ಡುಬ್' ಎಂದು ಎದೆಯಂತೆ ಬಡಿಯುತ್ತದೆ: ವ್ಯಾಪಾರಿ ಕಾಯುತ್ತಿದ್ದಾನೆ, ಬಾ ಎಂದು.

ದಿನಾ ಸಂಜೆ ಅಣ್ಣನ ಎಡಗೈಯನ್ನು ಫೋನಿನ ಮೇಲಿಟ್ಟು ವಲ್ಲಿ ಹೊದಿಸುತ್ತಿದ್ದಳು. ಫೋನು ನಡುಗುತ್ತಿತ್ತು. ಕೈ ಬಿದ್ದಲ್ಲೇ ಬಿದ್ದಿರುತ್ತಿತ್ತು. ಅವನ ಕಣ್ಣು ತೊಲೆಯ ಮೇಲೆ, ಆಕೆಯ ಕಣ್ಣು ವಲ್ಲಿಯ ಮೇಲೆ. ನಾನು ಒಂದೆರಡು ದಿನ ಕುಳಿತು ನೋಡಿದೆ, ಆಮೇಲೆ ಹೋಗುವುದನ್ನು ಬಿಟ್ಟೆ.

ವಯಸ್ಸಾದ ಇನ್ನೂ ನಾಲ್ಕು ಕೈಗಳಲ್ಲಿ ನೋಡಬೇಕೆಂದಳು. ಮುಂಡರಗಿಯಲ್ಲಿ ನಮ್ಮ ಬೀಗರು, ಶೇಂಗಾ ವ್ಯಾಪಾರ ಬಿಟ್ಟು ಮನೆಯಲ್ಲಿ ಕುಳಿತಿದ್ದ ಹಿರಿಯರು. ಅವರ ಫೋನಿಗೆ ನಾನೇ ಆಟ ಹಾಕಿಕೊಟ್ಟೆ. ಹದಿನೈದು ದಿನ ಆಡಿದರು. ಹದಿನಾರನೆಯ ದಿನ ಮುಂಜಾನೆ ಆರಾಮ ಕುರ್ಚಿಯಲ್ಲಿ ಕುಳಿತಲ್ಲೇ ತೀರಿಕೊಂಡರು.

ನಾನು ಹೋದಾಗ ಇನ್ನೂ ಸ್ನಾನ ಮಾಡಿಸಿರಲಿಲ್ಲ. ಕುರ್ಚಿಯಲ್ಲೇ ಇದ್ದರು. ಅವರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು, ಅಳು ಮುಗಿದಿತ್ತು. ಅಳಿಯ ಆಗ ತಾನೇ ಬಸ್ಸಿಳಿದು ಬಂದವನು ಮಾವನ ಎದೆಗೆ ತಲೆ ಇಟ್ಟು ಬಿದ್ದ. ಬಿದ್ದವನು ಥಟ್ಟನೆ ಎದ್ದ.

"ಎದಿ ಬಡ್ಯಾಕತ್ತೈತಿ! ಮಾಮಾರ ಎದಿ ಬಡ್ಯಾಕತ್ತೈತಿ!"

ಮನೆ ಎದ್ದು ನಿಂತಿತು. ಒಬ್ಬ ಡಾಕ್ಟರಿಗೆ ಓಡಿದ, ಒಬ್ಬಳು ನೀರು ತಂದಳು. ಮಗ ಕೈಯಿಟ್ಟು ನೋಡಿದ: "ಖರೆ! ಜೋರ ಬಡ್ಯಾಕತ್ತೈತಿ!" ನನಗೆ ಕ್ಷಣದಲ್ಲೇ ತಿಳಿಯಿತು. ನಮ್ಮ ಕಡೆ ಹಳೆಯ ವ್ಯಾಪಾರಿಗಳ ಬನಿಯನ್ನಿಗೆ ಎಡಗಡೆ ಒಳಗೊಂದು ಕಿಸೆ ಇರುತ್ತದೆ. ಮೊದಲು ಅದರಲ್ಲಿ ನೋಟು ಇರುತ್ತಿದ್ದವು, ಈಗ ಫೋನು. ಆದರೆ ಹೇಗೆ ಹೇಳುವುದು? ಆ ಮಗನ ಮುಖದ ಮೇಲೆ ಬಂದ ಆಸೆಯನ್ನು ನೋಡಿ ನಾನು ಬಾಗಿಲ ಕಡೆ ಸರಿದೆ.

ಹೆಂಡತಿ ಮಾತ್ರ ಗೋಡೆ ಬಿಟ್ಟು ಅಲುಗಿರಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು:

"ಕಿಸೆದಾಗ ಫೋನ್ ಇರಬೇಕು ತಗದ ನೋಡ್ರೋ. ಐವತ್ತ ವರ್ಷ ಬಾಳೇ ಮಾಡೇನಿ, ಅವರ ಎದಿ ಯಾರ ಸಲುವಾಗಿನೂ ಅಷ್ಟ ಜೋರ ಬಡದಿದ್ದಿಲ್ಲ."

ಮರಳಿ ಬಂದು ಮಗಳಿಗೆ ಹೇಳಿದೆ. ಆಕೆ ನಗಲಿಲ್ಲ. ಆ ದಿನವೇ ಎದೆಬಡಿತವನ್ನು ತೆಗೆದು ಹಾಕಿದಳು. ಸುಮ್ಮನಿದ್ದರೆ ಬೆಲೆ ಏರುವುದು ಮಾತ್ರ ಉಳಿಯಿತು.

ಡಬ್ಬಿ

ಯುಗಾದಿಯ ಹಿಂದಿನ ದಿನ ಫೋನು ತರಲು ಬೆಟಗೇರಿಗೆ ಹೋದೆ. ಮಗಳು ಬಟ್ಟೆ ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

"ಆಗಲಿಲ್ಲ ಕಾಕಾ. ಒಂದ ಬೆರಳೂ ಎತ್ತಲಿಲ್ಲ."

"ನಾ ಮದಲ ಹೇಳಿದ್ದೆನಲ್ಲವಾ."

ಇಂಥ ಹೊತ್ತಿನಲ್ಲಿ ಬೇರೆ ಮಾತು ಆಡಬೇಕೆಂದು ಎಲ್ಲರಿಗೂ ಗೊತ್ತು. ನನಗೆ ಬಂದದ್ದು ಇದೇ. ಆಕೆ ಶೆಲ್ಫಿನಿಂದ ಫೋನಿನ ಡಬ್ಬಿ ತೆಗೆದುಕೊಂಡು ನಿಂತಳು. ಫೋನು ಅಣ್ಣನ ಎಡಗೈಯ ಕೆಳಗೆ, ವಲ್ಲಿಯೊಳಗೆ ಇತ್ತು.

ಮಂಚದ ಅಂಚಿಗೆ ಕುಳಿತೆ. ವಲ್ಲಿಯ ಕೆಳಗೆ ಕೈ ಹಾಕಿದೆ. ಆರು ತಿಂಗಳಲ್ಲಿ ಅವನ ಕೈ ಮುಟ್ಟಿದ್ದು ಅದೇ ಮೊದಲು. ಬೆಚ್ಚಗಿತ್ತು. ಯಾಕೋ, ಹಳೆಯ ಚಾಳಿ, ಸುಮ್ಮನೆ ಎತ್ತಿಕೊಳ್ಳುವ ಬದಲು ಅವನ ಒಂದು ಬೆರಳು ಹಿಡಿದು ಒತ್ತಿದೆ. ಒಂದು ಸಾವಿರ. ಫೋನಿಗೆ.

ಏನೂ ಇಲ್ಲ. ಕಣ್ಣು ತೊಲೆಯ ಮೇಲೆ.

"ಮುಗೀತವಾ," ಎಂದು ಹೇಳಿ ಏಳಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡೆ.

ಕೈ ಬರಲಿಲ್ಲ.

ಅವನ ಬೆರಳುಗಳು ನನ್ನ ಇಡೀ ಕೈಯನ್ನು ಹಿಡಿದಿದ್ದವು. ಐದು. ಬಿಟ್ಟು ಮತ್ತೆ ಎರಡು ಬೆರಳು ಹಿಡಿದವು. ಏಳು ಸಾವಿರ.

ಏಳು ಸಾವಿರ! ಆ ಫೋನು ಅಂಗಡಿಯಲ್ಲಿ ಹೊಸದಿದ್ದಾಗಲೇ ಏಳು ಸಾವಿರಕ್ಕೆ ಹೋಗುವುದು ಕಷ್ಟ. ನನಗೆ ಸಿಟ್ಟು ಬಂತು. ಕುಳಿತೆ. ಎರಡು ಬೆರಳು ಹಿಡಿದೆ. ಅವನು ಸುಮ್ಮನಾದ. ಮೂರು ಹಿಡಿದೆ. ಅವನು ಐದು, ಮತ್ತೆ ಒಂದು. ಆರು. ನಾನು ಏಳುವವನಂತೆ ಮಾಡಿದೆ. ಐದೂವರೆಗೆ ಇಳಿದ.

"ಕಾಕಾ, ಏನ ಮಾಡಾಕತ್ತೀರಿ?" ಎಂದಳು ಮಗಳು.

"ತಡಿಯವಾ, ಮಾತಾಡಬ್ಯಾಡ, ವ್ಯಾಪಾರ ನಡದೈತಿ." ಅಣ್ಣನ ಕಡೆ ತಿರುಗಿ ಹೇಳಿದೆ: "ಬಳಸಿದ ಮಾಲಿದು. ಡಬ್ಬಿ ಇಲ್ಲ, ಏನಿಲ್ಲ. ಬರೇ ಫೋನಿಗೆ ಅಷ್ಟ ಆಗೂದಿಲ್ಲ."

ಅವನ ಸೊಟ್ಟ ಬಾಯಿಯ ಸರಿ ಇದ್ದ ಬದಿ ಒಂಚೂರು ಅಲುಗಿತು. ನಾಲ್ಕು ಬೆರಳು. ಮತ್ತೆ ಒಂದು ಗೆಣ್ಣು. ನಾಲ್ಕೂವರೆ. ನಾನು ಒಪ್ಪಿದೆ. ವ್ಯಾಪಾರ ಮುಗಿದರೆ ಅಂಗೈ ಮೇಲೆ ಅಂಗೈ ಹೊಡೆಯಬೇಕು. ಅವನ ಎಡಗೈ ಮೇಲೆದ್ದು ನನ್ನ ಅಂಗೈ ಮೇಲೆ ಹತ್ತಿಯಂತೆ ಬಿತ್ತು.

ಮಗಳು ಡಬ್ಬಿಯನ್ನು ಮಂಚದ ಮೇಲಿಟ್ಟು ಬಾಗಿದಳು. "ಅಪ್ಪಾ ಏನಂದ ಕಾಕಾ? ಅಪ್ಪಾ ಏನಂದ?"

"ನಾಲ್ಕೂವರಿ ಸಾವಿರ ಅಂದ."

"ಯಾವದಕ್ಕ?"

"ಈ ಫೋನಿಗೆ."

ಆಕೆ ಅಳುತ್ತ ನಗುತ್ತ ಮಂಚದ ಪಕ್ಕ ಕುಸಿದು ಕುಳಿತಳು. "ಕಾಕಾ, ಫೋನ್ ನಿ‌ಮ್ಮದ ಅಲ್ಲೇನ್ರಿ?"

ಆಗ ನನಗೆ ಹೊಳೆಯಿತು. ಜೊತೆಗೆ ಇನ್ನೊಂದೂ ಹೊಳೆದು ಫೋನು ಹೊರತೆಗೆದು ನೋಡಿದೆ. ಗಾಜಿನ ಮೇಲೆ ಎತ್ತು ಬಾಲ ಅಲ್ಲಾಡಿಸುತ್ತಿತ್ತು. ಅದರ ಕೆಳಗೆ ಬೆಲೆ: ಹನ್ನೊಂದು ಲಕ್ಷ. ದಿನಾ ಸಂಜೆ ಅವನು ಸುಮ್ಮನಿದ್ದ, ಫೋನು ತಾನಾಗಿ ಏರಿಸುತ್ತ ಹೋಗಿತ್ತು. ಒಂದು ಎತ್ತಿಗೆ ಹನ್ನೊಂದು ಲಕ್ಷ ಕೊಡುತ್ತೇನೆಂದು ಬೇಡಿಕೊಳ್ಳುವ, ಎದ್ದು ಹೋಗಲು ಬಾರದ ಗಿರಾಕಿ. ಯಾವ ದಲಾಲ ಬೆರಳು ಎತ್ತುತ್ತಾನೆ? ಮಗಳೂ ನೋಡಿದಳು. ನಾವಿಬ್ಬರೂ ಅಣ್ಣನನ್ನು ನೋಡಿದೆವು. ಅವನು ತೊಲೆ ಬಿಟ್ಟು ನನ್ನನ್ನು ನೋಡುತ್ತಿದ್ದ. ಆರು ತಿಂಗಳು ಅವನ ಮುಂದೆ ನಾವು ಆಡಿದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಬಡಿಗೆಯದೂ.

ಅವನು ಎಡಗೈಯನ್ನು ವಲ್ಲಿಯ ಹೊರಗೆ ತಂದು ಅಂಗೈ ಬಿಚ್ಚಿ ಚಾಚಿದ. ಮಾತು ಹೋಗಿದೆ, ಬಲಗೈ ಹೋಗಿದೆ, ಮುಂದೆ ಎಷ್ಟು ದಿನವೋ ದೇವರಿಗೇ ಗೊತ್ತು. ಆದರೆ ರೊಕ್ಕ ರೊಕ್ಕವೇ. ಆಡಿದ ವ್ಯಾಪಾರ ಮುರಿದವನೆಂದು ಅನ್ನಿಸಿಕೊಳ್ಳುವ ವಯಸ್ಸು ನನ್ನದಲ್ಲ. ಕಿಸೆಯಿಂದ ನಾಲ್ಕೂವರೆ ಸಾವಿರ ತೆಗೆದು, ನನ್ನ ಫೋನಿಗೆ, ಅವನ ಅಂಗೈಯಲ್ಲಿಟ್ಟೆ. ಬೆರಳು ಮುಚ್ಚಿಕೊಂಡವು.

ಮಗಳು ಬ್ಯಾಗಿನಿಂದ ಬಟ್ಟೆ ಹೊರಗೆ ತೆಗೆಯತೊಡಗಿದ್ದಳು. ನಾನು ಫೋನನ್ನು ಕಿಸೆಗೆ ಹಾಕಿಕೊಂಡು ಎದ್ದು, ಆಕೆ ಮಂಚದ ಮೇಲೆ ಇಟ್ಟಿದ್ದ ಡಬ್ಬಿಗೆ ಕೈ ಚಾಚಿದೆ.

ಅಣ್ಣ ನೋಟುಗಳನ್ನು ದಿಂಬಿನ ಕೆಳಗೆ ತಳ್ಳಿ, ಡಬ್ಬಿಯ ಕಡೆ ಕಣ್ಣು ಹಾಯಿಸಿ, ಕೈಯನ್ನು ಮತ್ತೆ ವಲ್ಲಿಯ ಕೆಳಗೆ ಒಯ್ದ.